ಡೇಟಾ ಸಫಿಶಿಯೆನ್ಸಿ: ಉತ್ತರದ ಕೀಯಲ್ಲಿ ‘ಎ’ ಅಂತಿದೆ, ನನಗೆ ‘ಸಿ’ ಬರುತ್ತಿದೆ. ಯಾವುದು ಸರಿ?

ನವನಗರದವಳು:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವಳು. ಬಿ.ಕಾಂ. ಮುಗಿಸಿ ಕೇಶ್ವಾಪುರದಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುತ್ತಿದ್ದೇನೆ. ಎಂಬಿಎ ಮಾಡಬೇಕು ಅಂತ ಜಿಮ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೇನೆ. ಓದುತ್ತಿದ್ದೇನೆ ಅಂದರೆ, ಕೆಲಸದಿಂದ ಬಿಡುವು ಸಿಕ್ಕಾಗ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನ್. ಅಲ್ಲಿವರೆಗೆ ಪುಸ್ತಕದ ಮುಖ ನೋಡಲು ಆಗುವುದಿಲ್ಲ. ಸೆಪ್ಟೆಂಬರ್ ಬಂತು ಅಂದರೆ ಟ್ಯಾಕ್ಸ್ ಆಡಿಟ್ ಗಡಿಬಿಡಿ, ಕೇಳಲೇಬೇಡಿ.

ಲೆಕ್ಕ ಅಂದರೆ ನನಗೆ ಹೆದರಿಕೆ ಇಲ್ಲ. 18% ಜಿಎಸ್‌ಟಿ ಸೇರಿ ಬಿಲ್ 2,950 ಆದರೆ ಮೂಲ ಬೆಲೆ ಎಷ್ಟು ಅಂತ ಕೇಳಿದರೆ ಪೆನ್ನು ಎತ್ತದೇ 2,500 ಅಂತೇನೆ. ಕೊಂಡ ಬೆಲೆಯ ಮೇಲೆ 40% ಏರಿಸಿ, 25% ರಿಯಾಯಿತಿ ಕೊಟ್ಟು, ಕೊನೆಗೆ 150 ರೂಪಾಯಿ ಲಾಭ ಬಂದರೆ ಕೊಂಡ ಬೆಲೆ 3,000. ಇಂಥವನ್ನು ದಿನಾ ಬಿಲ್‌ಗಳಲ್ಲೇ ನೋಡುತ್ತೇನೆ. ನನ್ನ ತಲೆ ತಿನ್ನುತ್ತಿರುವುದು ಡೇಟಾ ಸಫಿಶಿಯೆನ್ಸಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಪ್ರಶ್ನೆ ಕೊಡುತ್ತಾರೆ, ಕೆಳಗೆ ಎರಡು ಹೇಳಿಕೆ. ನಾವು ಉತ್ತರ ಹೇಳಬೇಕಿಲ್ಲ. ಉತ್ತರ ಸಿಗಲು ಈ ಮಾಹಿತಿ ಸಾಕೋ ಸಾಲದೋ, ಅಷ್ಟೇ ಹೇಳಬೇಕು. ಎ ಅಂದರೆ ಮೊದಲನೆಯದೊಂದೇ ಸಾಕು, ಎರಡನೆಯದೊಂದೇ ಸಾಲದು. ಬಿ ಅದರ ಉಲ್ಟಾ. ಸಿ ಅಂದರೆ ಒಂದೊಂದೇ ಸಾಲದು, ಎರಡೂ ಸೇರಿದರೆ ಸಾಕು. ಡಿ ಅಂದರೆ ಯಾವುದಾದರೊಂದಿದ್ದರೂ ಸಾಕು. ಇ ಅಂದರೆ ಎರಡೂ ಸೇರಿದರೂ ಸಾಲದು.

ಈಗ ಈ ಪ್ರಶ್ನೆ ನೋಡಿ:

ಒಂದು ಅಂಗಡಿಯಲ್ಲಿ ಒಬ್ಬಳು 35 ರೂಪಾಯಿಯ ನೋಟ್‌ಬುಕ್ ಮತ್ತು 55 ರೂಪಾಯಿಯ ಫೈಲ್ ಮಾತ್ರ ಕೊಂಡಳು. ಎಷ್ಟು ನೋಟ್‌ಬುಕ್ ಕೊಂಡಳು?
(1) ಒಟ್ಟು 325 ರೂಪಾಯಿ ಕೊಟ್ಟಳು.
(2) ನೋಟ್‌ಬುಕ್, ಫೈಲ್ ಎರಡೂ ಸೇರಿ 7.

ಎಸ್ಸೆಸ್ಸೆಲ್ಸಿಯಿಂದ ನಮಗೆ ಹೇಳಿಕೊಟ್ಟಿರುವುದೇನು? ಗೊತ್ತಿಲ್ಲದ ಸಂಖ್ಯೆ ಎರಡಿದ್ದರೆ ಸಮೀಕರಣ ಎರಡು ಬೇಕು. ಇಲ್ಲಿ ಎರಡೂ ಹೇಳಿಕೆ ಹಿಡಿದು ಬಿಡಿಸಿದರೆ ನೋಟ್‌ಬುಕ್ 3, ಫೈಲ್ 4. ಹಣ ತಾಳೆ ನೋಡಿದೆ. 105 + 220 = 325. ಪಕ್ಕಾ ಸಿ. ಆದರೆ ಕೀಯಲ್ಲಿ ಎ ಅಂತಿದೆ. ಇದು ಧಾರವಾಡದ ಸಪ್ತಾಪುರದ ಝೆರಾಕ್ಸ್ ಅಂಗಡಿಯಿಂದ ತಂದ ಸ್ಪೈರಲ್ ಬೈಂಡ್ ಪ್ರಶ್ನೆಗಳು. ಪ್ರಿಂಟ್ ತಪ್ಪಿರಬಹುದಾ?

ಇನ್ನೊಂದು ಕ್ರಿಟಿಕಲ್ ರೀಸನಿಂಗ್‌ನದು, ಅಂದರೆ ಒಂದು ವಾದ ಕೊಟ್ಟು ಅದನ್ನು ಒರೆಹಚ್ಚಿಸುವ ಪ್ರಶ್ನೆ. ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಬರೆಯುತ್ತಿದ್ದೇನೆ:

“ಊರಿನ ಗ್ರಂಥಾಲಯವನ್ನು ರಾತ್ರಿ 8ರ ಬದಲು 10ರವರೆಗೆ ತೆರೆದಿಡಲು ಶುರುಮಾಡಿದರು. ಆರು ತಿಂಗಳಾದರೂ ಜನ ಮನೆಗೆ ಒಯ್ಯುವ ಪುಸ್ತಕಗಳ ಸಂಖ್ಯೆ ಹೆಚ್ಚಲಿಲ್ಲ. ಆದ್ದರಿಂದ ಸಮಯ ಹೆಚ್ಚಿಸಿದ್ದರಿಂದ ಓದುಗರಿಗೆ ಪ್ರಯೋಜನ ಆಗಿಲ್ಲ.” ಈ ವಾದವನ್ನು ಹೆಚ್ಚು ದುರ್ಬಲಗೊಳಿಸುವುದು ಯಾವುದು?
ಎ) ಪಕ್ಕದ ಊರಿನ ಗ್ರಂಥಾಲಯದಲ್ಲೂ ಒಯ್ಯುವ ಪುಸ್ತಕಗಳ ಸಂಖ್ಯೆ ಹೆಚ್ಚಲಿಲ್ಲ.
ಬಿ) 8ರ ನಂತರ ಬರುವವರಲ್ಲಿ ಹೆಚ್ಚಿನವರು ತಮ್ಮದೇ ಪುಸ್ತಕ ತಂದು ಅಲ್ಲೇ ಕೂತು ಓದುತ್ತಾರೆ.
ಸಿ) ಸಮಯ ಹೆಚ್ಚಿಸಿದ ಮೇಲೆ ಗ್ರಂಥಾಲಯದ ಕರೆಂಟ್ ಬಿಲ್ ಏರಿದೆ.
ಡಿ) ಈ ಆರು ತಿಂಗಳಲ್ಲಿ ಸದಸ್ಯತ್ವದ ಫೀ ಬದಲಾಗಿಲ್ಲ.
ಇ) ಸಮಯ ಹೆಚ್ಚಾಗಿದೆ ಅನ್ನುವುದು ಊರಿನ ಬಹಳ ಜನರಿಗೆ ಗೊತ್ತೇ ಇಲ್ಲ.

ನನ್ನ ಪ್ರಕಾರ ಇ. ಗೊತ್ತೇ ಇಲ್ಲದಿದ್ದರೆ ಜನ ಹೇಗೆ ಬರುತ್ತಾರೆ? ಕೀ ಬಿ ಅನ್ನುತ್ತದೆ.

ಕಡೆಯ ಪ್ರಶ್ನೆ. ನನ್ನ ಹತ್ತಿರ ಇರುವುದು ಈ ಝೆರಾಕ್ಸ್ ಮತ್ತು ಅತ್ತೆಯ ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಒಂದು ದಪ್ಪ ಹಳೇ ಗೈಡ್. ಅದರಲ್ಲಿ ಕಾಲು ಭಾಗ ಇಂಗ್ಲಿಷ್ ವಾಕ್ಯ ತಿದ್ದುವ ಸೆಂಟೆನ್ಸ್ ಕರೆಕ್ಷನ್ನೇ ಇದೆ. ಹೊಸ ಪ್ರಶ್ನೆಗಳ ಪುಸ್ತಕ ತಗೊಳ್ಳಲಾ? ಉತ್ತರ ನೋಡಿದರೆ “ಹೌದಲ್ವಾ” ಅನ್ನಿಸುತ್ತದೆ. ಮುಂದಿನ ಪ್ರಶ್ನೆಗೆ ಮತ್ತೆ ಅದೇ ಕಥೆ. ಜಾಸ್ತಿ ಪ್ರಶ್ನೆ ಮಾಡಿದರೆ ಸರಿಹೋಗುತ್ತದಾ?

ಸಪ್ತಾಪುರ ಬಾವಿ:

ತಂಗಿ, ಕೀ ಸರಿ ಇದೆ. ಎ. ಝೆರಾಕ್ಸ್ ಅಂಗಡಿಯವರನ್ನು ಬಯ್ಯಬೇಡ, ಪಾಪ.

ನೋಟ್‌ಬುಕ್ಕನ್ನು ಅರ್ಧ ಕೊಳ್ಳಲು ಬರುವುದಿಲ್ಲ. ಇಷ್ಟೇ ವಿಷಯ. 35, 55, 325 ಮೂರನ್ನೂ 5ರಿಂದ ಭಾಗಿಸು. 7, 11, 65 ಸಿಗುತ್ತವೆ. 65ರಿಂದ ಹನ್ನೊಂದು ಹನ್ನೊಂದೇ ಕಳೆಯುತ್ತಾ ಹೋಗು: 65, 54, 43, 32, 21, 10. ಇದರಲ್ಲಿ 7ರಿಂದ ಭಾಗ ಹೋಗುವುದು 21 ಒಂದೇ. ಅಂದರೆ ನಾಲ್ಕು ಸಲ ಕಳೆದಾಗ. ಫೈಲ್ 4, ನೋಟ್‌ಬುಕ್ 3. ಬೇರೆ ದಾರಿಯೇ ಇಲ್ಲ. ಎರಡನೇ ಹೇಳಿಕೆಯನ್ನು ನೋಡದೆಯೇ ಉತ್ತರ ಬಂತು. ಎರಡನೆಯದೊಂದೇ ಆದರೆ ಒಂದು ನೋಟ್‌ಬುಕ್ ಆರು ಫೈಲ್ ಇರಬಹುದು, ಎರಡು ಐದು ಇರಬಹುದು. ಸಾಲದು. ಹಾಗಾಗಿ ಎ.

ಪರೀಕ್ಷೆಯಲ್ಲಿ ಇಷ್ಟನ್ನೂ ಕಳೆಯುತ್ತಾ ಕೂರುವ ಅಗತ್ಯ ಇಲ್ಲ. 11 ನೋಟ್‌ಬುಕ್ಕಿಗೆ 385 ರೂಪಾಯಿ. 7 ಫೈಲ್‌ಗೂ 385 ರೂಪಾಯಿ. ಒಂದು ಉತ್ತರ ಇದ್ದು ಅದೇ ಮೊತ್ತಕ್ಕೆ ಇನ್ನೊಂದು ಉತ್ತರವೂ ಬರಬೇಕಾದರೆ, 11 ನೋಟ್‌ಬುಕ್ ವಾಪಸ್ ಕೊಟ್ಟು 7 ಫೈಲ್ ತಗೋಬೇಕು, ಇಲ್ಲವೇ ಅದರ ಉಲ್ಟಾ. 325 ರೂಪಾಯಿಯ ಚೀಲದಲ್ಲಿ 385 ರೂಪಾಯಿಯ ಸಾಮಾನು ಎಲ್ಲಿಂದ ಬರಬೇಕು? ಅದಲುಬದಲು ಮಾಡಲು ಜಾಗವೇ ಇಲ್ಲ. ಒಂದೇ ಉತ್ತರ. 385 ಅಂದರೆ 35 ಮತ್ತು 55ರ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ). ಒಟ್ಟು ಮೊತ್ತ ಲಸಾಅಗಿಂತ ಕಡಿಮೆ ಇದ್ದರೆ ಸಾಕು, ನೋಟ್‌ಬುಕ್ ಮೂರೋ ನಾಲ್ಕೋ ಅಂತ ತಿಳಿಯುವ ಮೊದಲೇ “ಸಾಕು” ಅಂತ ಟಿಕ್ ಹಾಕಿ ಮುಂದೆ ಹೋಗಬಹುದು.

ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ನೀವು ಅಕೌಂಟ್ಸ್‌ನವರು ತಾಳೆ ಆಗುವ ತನಕ ಬಿಡುವುದಿಲ್ಲ. ಆಫೀಸಿನಲ್ಲಿ ಅದು ಒಳ್ಳೇದೇ. ಈ ಪ್ರಶ್ನೆಗಳಲ್ಲಿ ಅದೇ ಕೈ ಕೊಡುತ್ತದೆ. ನೀನು “ತಾಳೆ ನೋಡಿದೆ” ಅಂತ ಬರೆದಿದ್ದೀಯಲ್ಲ, ಅಲ್ಲೇ ಸಮಯ ಸೋರುತ್ತಿದೆ.

ಈಗ ಒಂದು ಕೆಲಸ ಮಾಡು. ಹೊಸ ಪುಸ್ತಕ ಆಮೇಲೆ. ಇದೇ ಪ್ರಶ್ನೆಯಲ್ಲಿ 325 ತೆಗೆದು 710 ಹಾಕು. 5ರಿಂದ ಭಾಗಿಸಿದರೆ 142. 14 ನೋಟ್‌ಬುಕ್ 4 ಫೈಲ್ ಆಗುತ್ತದೆ. 3 ನೋಟ್‌ಬುಕ್ 11 ಫೈಲ್ ಕೂಡ ಆಗುತ್ತದೆ. ಈಗ ಮೊದಲನೇ ಹೇಳಿಕೆ ಸಾಲದು. ಎರಡನೇ ಹೇಳಿಕೆಯಲ್ಲಿ “ಒಟ್ಟು 18” ಅಂತ ಇದ್ದರೆ ಎರಡೂ ಸೇರಿ ಸಾಕು. ಉತ್ತರ ಸಿ ಆಯಿತು, ನೀನು ಹೇಳಿದ್ದೇ. ಮತ್ತೆ 325ಕ್ಕೆ ಬಾ, ಆದರೆ ನೋಟ್‌ಬುಕ್, ಫೈಲ್ ತೆಗೆದು ಕಿಲೋಗೆ 35ರ ಅಕ್ಕಿ, ಕಿಲೋಗೆ 55ರ ಅಕ್ಕಿ ಅಂತ ಮಾಡು. ಅಕ್ಕಿಯನ್ನು ಕಾಲು ಕಿಲೋ ಬೇಕಾದರೂ ಕೊಳ್ಳಬಹುದು. ಈಗ 325 ರೂಪಾಯಿ ಅನ್ನುವುದೊಂದೇ ಏನೂ ಹೇಳುವುದಿಲ್ಲ. ಮತ್ತೆ ಸಿ.

ಒಂದೇ ಪ್ರಶ್ನೆ. ಎರಡು ಕಡೆ ಕೈಯಾಡಿಸಿದರೆ ಉತ್ತರ ಬದಲಾಗುತ್ತದೆ. ಯಾವುದನ್ನು ಅಲುಗಾಡಿಸಿದರೆ ಬದಲಾಗುತ್ತದೆ ಅಂತ ಹುಡುಕುವುದೇ ಅಭ್ಯಾಸ. ನಾನು ಧಾರವಾಡದಲ್ಲಿ ಒಂದಿಷ್ಟು ಹುಡುಗರಿಗೆ ಕ್ವಾಂಟ್, ಅಂದರೆ ಲೆಕ್ಕದ ವಿಭಾಗ, ಹೇಳಿಕೊಡುತ್ತೇನೆ. ಪ್ರಶ್ನೆಗಳ ಪುಸ್ತಕ ಗುಡ್ಡೆ ಹಾಕಿಕೊಂಡವರನ್ನು ದಿನಾ ನೋಡುತ್ತೇನೆ. ಪುಟದ ನಂಬರ್ ಸಮೇತ ಬಾಯಿಪಾಠ ಇರುತ್ತದೆ, 325 ಹೋಗಿ 710 ಬಂದರೆ ಗೊತ್ತಾಗುವುದಿಲ್ಲ.

ಎರಡು ಹೇಳಿಕೆ ಓದುವಾಗ ಒಂದು ರೂಢಿ ಮಾಡಿಕೋ. ಮೊದಲನೆಯದು ಸಾಕು ಅನ್ನಿಸಿದರೆ ಉತ್ತರ ಎ ಅಥವಾ ಡಿ. ಸಾಲದು ಅನ್ನಿಸಿದರೆ ಬಿ, ಸಿ, ಇ ಮೂರರಲ್ಲಿ ಒಂದು. ಆಮೇಲೆ ಮೊದಲನೆಯದನ್ನು ಕೈಯಿಂದ ಮುಚ್ಚಿ ಎರಡನೆಯದನ್ನು ಓದು. ನಿಜವಾಗಿಯೂ ಮುಚ್ಚು. ಇಲ್ಲದಿದ್ದರೆ ಮೊದಲನೆಯದರ ನೆನಪು ಎರಡನೆಯದರೊಳಗೆ ನುಸುಳುತ್ತದೆ.

ಹಳೇ ಗೈಡ್ ಬಗ್ಗೆ. 2023ರ ನವೆಂಬರ್‌ನಲ್ಲಿ ಹೊಸ ರೂಪದ ಜಿಮ್ಯಾಟ್ ಬಂತು. 2024ರ ಶುರುವಿನಲ್ಲಿ ಹಳೆಯದನ್ನು ನಿಲ್ಲಿಸಿದರು. ಸೆಂಟೆನ್ಸ್ ಕರೆಕ್ಷನ್ ಹೋಯಿತು, ಪ್ರಬಂಧ ಹೋಯಿತು, ಕ್ವಾಂಟ್‌ನಿಂದ ಜ್ಯಾಮಿತಿ ಹೋಯಿತು. ಡೇಟಾ ಸಫಿಶಿಯೆನ್ಸಿ ಕ್ವಾಂಟ್ ಬಿಟ್ಟು ಡೇಟಾ ಇನ್‌ಸೈಟ್ಸ್ ಅನ್ನುವ ವಿಭಾಗಕ್ಕೆ ಬಂತು. ಹಾಗಾಗಿ ಆ ಗೈಡಿನ ಕಾಲು ಭಾಗ ಮುಟ್ಟಬೇಡ. ತ್ರಿಕೋನ, ವೃತ್ತದ ಪುಟಗಳನ್ನೂ ಬಿಡು. ಅಂಕಗಣಿತ, ಬೀಜಗಣಿತ, ಕ್ರಿಟಿಕಲ್ ರೀಸನಿಂಗ್ ಹಳೇದಾದರೂ ನಡೆಯುತ್ತದೆ. ಪರೀಕ್ಷೆ ನಡೆಸುವವರ ಸೈಟಿನಲ್ಲಿ ಎರಡು ಪೂರ್ತಿ ಮಾಕ್ ಟೆಸ್ಟ್ ಪುಕ್ಕಟೆ ಇವೆ. ಈಗಲೇ ಬರೆದು ಖರ್ಚು ಮಾಡಬೇಡ, ಪರೀಕ್ಷೆ ಹತ್ತಿರ ಬಂದಾಗ ಬೇಕಾಗುತ್ತವೆ.

ಬೆಟಗೇರಿ ಮಗ್ಗ:

ಅಕ್ಕಾ, ನಾನೂ ಇದೇ ಪರೀಕ್ಷೆಗೆ ಓದುತ್ತಿದ್ದೇನೆ, ಗದಗಿನಿಂದ. “ಎರಡು ಗೊತ್ತಿಲ್ಲದ್ದು, ಎರಡು ಸಮೀಕರಣ” ಅನ್ನುವುದು ಇನ್ನೊಂದು ಕಡೆಯಿಂದಲೂ ಹೊಡೆಯುತ್ತದೆ. ಸರ್ ಹೇಳಿದ್ದರಲ್ಲಿ ಒಂದೇ ಸಾಕಾಯಿತು. ಇದರಲ್ಲಿ ಎರಡಿದ್ದರೂ ಸಾಲುವುದಿಲ್ಲ. ನಮ್ಮದು ಸೀರೆ ಅಂಗಡಿ, ಅದಕ್ಕೇ ಸೀರೆಯ ಪ್ರಶ್ನೆ:

ಒಂದು ಸೀರೆಯನ್ನು ಎಷ್ಟು ರೂಪಾಯಿಗೆ ಮಾರಿದರು?
(1) ಲಾಭ ಮಾರಿದ ಬೆಲೆಯ 20%.
(2) ಲಾಭ ಕೊಂಡ ಬೆಲೆಯ 25%.

ನೋಡಿದ ಕೂಡಲೇ ಸಿ ಅನ್ನಿಸುತ್ತದೆ. ಎರಡು ಹೇಳಿಕೆ, ಬೇರೆ ಬೇರೆ ಶೇಕಡಾ, ಸಮೀಕರಣ ಎರಡಾಯಿತು ಅಂತ. ಆದರೆ 100ಕ್ಕೆ ಮಾರಿದ್ದರೆ ಲಾಭ 20, ಕೊಂಡದ್ದು 80. 80ರ ಮೇಲೆ 20 ಅಂದರೆ 25%. ಎರಡೂ ಒಂದೇ ಮಾತು! ಉತ್ತರ ಇ. ನಮ್ಮ ಅಪ್ಪ ಗಿರಾಕಿ ಮುಂದೆ ಲಾಭವನ್ನು ಮಾರಿದ ಬೆಲೆಯ ಮೇಲೆ ಹೇಳುತ್ತಾರೆ, ಕಡಿಮೆ ಕಾಣುತ್ತದೆ ಅಂತ. ನೇಕಾರರ ಮುಂದೆ ಏನು ಹೇಳುತ್ತಾರೋ ಕೇಳಬೇಡಿ.

ಉಣಕಲ್ ಕೆರೆ:

ಇಷ್ಟೆಲ್ಲ ತಲೆನೋವು ಯಾಕೆ? ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಎಂಬಿಎ ಪ್ರವೇಶಕ್ಕೆ ನಡೆಸುವ ಪಿಜಿಸಿಇಟಿ ಬರೀರಿ. 100 ಪ್ರಶ್ನೆ, 2 ಗಂಟೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಗೊತ್ತಿಲ್ಲದ್ದಕ್ಕೂ ಗುಂಡು ಹೊಡೆಯಬಹುದು. ಧಾರವಾಡದಲ್ಲೇ ಎಂಬಿಎ ಕಲಿಸುವ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಇನ್‌ಸ್ಟಿಟ್ಯೂಟ್ ಇದೆ. ನವನಗರದಲ್ಲಿ ಚಿಗರಿ ಬಸ್ ಹತ್ತಿದರೆ ಮುಗೀತು, ಊಟಕ್ಕೆ ಮನೆಗೇ ಬರಬಹುದು. ಅದೂ ಬೇಡ ಅಂದರೆ ಐಐಎಂಗಳ ಪ್ರವೇಶ ಪರೀಕ್ಷೆ ಕ್ಯಾಟ್ ಇದೆ. ಈ ಡಾಲರ್ ಲೆಕ್ಕದ ಫೀ ಕಟ್ಟುವ ಪರೀಕ್ಷೆ ನಮ್ಮಂಥವರಿಗಲ್ಲ.

ನವನಗರದವಳು:

ಉಣಕಲ್ ಕೆರೆ ಅವರೇ, ಪಿಜಿಸಿಇಟಿಗೂ ಅರ್ಜಿ ಹಾಕುವವಳಿದ್ದೇನೆ. ಕ್ಯಾಟ್ ವರ್ಷಕ್ಕೆ ಒಂದೇ ಸಲ, ನವೆಂಬರ್ ಕೊನೆಗೆ. ನಮ್ಮ ಆಫೀಸಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಹೇಗಿರುತ್ತದೆ ಅಂತ ಮೇಲೇ ಹೇಳಿದ್ದೇನೆ. ಜಿಮ್ಯಾಟನ್ನು ನನಗೆ ಅನುಕೂಲವಾದ ತಿಂಗಳಲ್ಲಿ ಬರೆಯಬಹುದು, ಅಂಕ ಐದು ವರ್ಷ ನಡೆಯುತ್ತದೆ. ಫೀ ನನ್ನ ಸಂಬಳದ್ದು. ನಮ್ಮಂಥವರಿಗಲ್ಲ ಅನ್ನುವ ಮಾತು ಮನೆಯಲ್ಲೇ ಸಾಕಷ್ಟು ಕೇಳಿದ್ದೇನೆ, ಇಲ್ಲಿ ಬೇಡ ರೀ.

ಸಪ್ತಾಪುರದ ಅಣ್ಣಾ, 710ರದ್ದು ಮಾಡಿ ನೋಡಿದೆ. ಆಮೇಲೆ ಸುಮ್ನೆ 385 ಹಾಕಿದೆ. 11 ನೋಟ್‌ಬುಕ್ ಮತ್ತು ಸೊನ್ನೆ ಫೈಲ್, ಇಲ್ಲವೇ ಸೊನ್ನೆ ನೋಟ್‌ಬುಕ್ 7 ಫೈಲ್. ಪ್ರಶ್ನೆಯಲ್ಲಿ “ಎರಡನ್ನೂ ಕೊಂಡಳು” ಅಂತ ಇದ್ದರೆ 385 ಬರುವುದೇ ಇಲ್ಲ! ಅಂದರೆ “ಒಂದಾದರೂ” ಅನ್ನುವ ಸಣ್ಣ ಮಾತನ್ನೂ ನೋಡಬೇಕಲ್ವಾ? ಬೆಟಗೇರಿ ತಮ್ಮಾ, ನಿನ್ನ ಸೀರೆಗೆ ನಾನು ಬೀಳಲಿಲ್ಲ ನೋಡು. ಮಾರಿದ ಬೆಲೆಯ ಮೇಲಿನ ಮಾರ್ಜಿನ್, ಕೊಂಡ ಬೆಲೆಯ ಮೇಲಿನ ಮಾರ್ಕ್‌ಅಪ್ ನಮ್ಮ ಅನ್ನ.

ಗ್ರಂಥಾಲಯದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಹಾವೇರಿ ಟೀಚರ್:

ನಾನು ಕೊಡುತ್ತೇನಮ್ಮ. ಲೆಕ್ಕ ನನಗೆ ಬರುವುದಿಲ್ಲ, ಇಂಗ್ಲಿಷ್ ಕಲಿಸುತ್ತೇನೆ. ಮಗಳು ಈ ಪರೀಕ್ಷೆಗೆ ಓದುವಾಗ ಅವಳ ಜೊತೆ ಕೂತು ಈ ವಾದದ ಪ್ರಶ್ನೆಗಳನ್ನು ಮಾಡಿದ್ದೆ. ನನಗೆ ಅವಳಿಗಿಂತ ಹುಚ್ಚು ಹಿಡಿಯಿತು.

ಮೊದಲು ಕೊನೆಯ ವಾಕ್ಯವನ್ನು ಮಾತ್ರ ಓದಿ. “ಓದುಗರಿಗೆ ಪ್ರಯೋಜನ ಆಗಿಲ್ಲ.” ಆಗಿಲ್ಲ ಅಂತಿದೆ. ಆಗುವುದಿಲ್ಲ ಅಂತಿಲ್ಲ. ಈಗ ನಿಮ್ಮ ಇ ನೋಡಿ. ಬಹಳ ಜನರಿಗೆ ಗೊತ್ತಿಲ್ಲ. ಸರಿ, ಗೊತ್ತಿಲ್ಲದವರು ಬಂದಿರಲಿಕ್ಕಿಲ್ಲ. ಬರದವರಿಗೆ ಪ್ರಯೋಜನ ಆಗಿಲ್ಲ. ಅಂದರೆ ವಾದ ಮಾಡಿದವನ ಮಾತೇ ನಿಜವಾಯಿತು. ಯಾಕೆ ಆಗಲಿಲ್ಲ ಅಂತ ನೀವು ಕಾರಣ ಹುಡುಕಿಕೊಟ್ಟಿದ್ದೀರಿ, ಅಷ್ಟೇ. ಅವನನ್ನು ಬೀಳಿಸಲು ಹೋಗಿ ಬೆನ್ನು ತಟ್ಟಿದ ಹಾಗಾಯಿತು.

ಅವನ ವಾದ ಎಲ್ಲಿ ಸಡಿಲ? ಮನೆಗೆ ಒಯ್ಯುವ ಪುಸ್ತಕ ಎಣಿಸಿದ, ಪ್ರಯೋಜನವನ್ನು ಅದರಿಂದಲೇ ಅಳೆದ. ಧಾರವಾಡದವರನ್ನು ಕೇಳಿ. ಪರೀಕ್ಷೆಗೆ ಓದುವ ಹುಡುಗರು ಗ್ರಂಥಾಲಯಕ್ಕೆ ಹೋಗುವುದು ಪುಸ್ತಕಕ್ಕಲ್ಲ. ಒಂದು ಕುರ್ಚಿ, ಒಂದು ಫ್ಯಾನು, ಗದ್ದಲ ಇಲ್ಲದ ಜಾಗ. ತಮ್ಮ ಪುಸ್ತಕ, ತಮ್ಮ ನೀರಿನ ಬಾಟಲಿ ತಂದು ಬಾಗಿಲು ಹಾಕುವ ತನಕ ಕೂರುತ್ತಾರೆ. ಒಂದು ಪುಸ್ತಕವನ್ನೂ ಒಯ್ಯದೆ ಅವರಿಗೆ ಪ್ರಯೋಜನ ಆಗಿದೆ. ಬಿ ಹೇಳುವುದು ಇದನ್ನೇ. ಸಿಯಲ್ಲಿರುವ ಕರೆಂಟ್ ಬಿಲ್ ಗ್ರಂಥಾಲಯದ ಚಿಂತೆ, ಓದುಗರದ್ದಲ್ಲ. ಡಿ ಅವನಿಗೇ ಸ್ವಲ್ಪ ಬಲ ಕೊಡುತ್ತದೆ. ಎ ಇಲ್ಲಿಗೆ ಸಂಬಂಧವಿಲ್ಲದ ಊರಿನ ಸುದ್ದಿ.

ಸಪ್ತಾಪುರದವರು ಸಂಖ್ಯೆ ಬದಲಿಸಿ ನೋಡು ಅಂದರಲ್ಲ, ಇಲ್ಲೂ ಅದನ್ನು ಮಾಡಬಹುದು. ಕೊನೆಯ ವಾಕ್ಯವನ್ನು ಬದಲಿಸಿ. “ಆದ್ದರಿಂದ ಮುಂದೆಯೂ ಇದರಿಂದ ಪ್ರಯೋಜನ ಆಗದು, ನಿಲ್ಲಿಸಿಬಿಡಬೇಕು.” ಈಗ ನಿಮ್ಮ ಇಗೆ ಜೀವ ಬಂತು. ಜನರಿಗೆ ಗೊತ್ತೇ ಇಲ್ಲ, ಗೊತ್ತಾದರೆ ಬರಬಹುದು, ಈಗಲೇ ನಿಲ್ಲಿಸುವುದು ಯಾಕೆ? ನಿಮ್ಮ ತಲೆ ಓದಿದ್ದು ಈ ವಾಕ್ಯವನ್ನು, ಪುಸ್ತಕದಲ್ಲಿದ್ದದ್ದು ಬೇರೆ.

ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ಸರಿ ಉತ್ತರ ಯಾಕೆ ಸರಿ ಅಂತ ಬರೆಯುತ್ತಿರಲಿಲ್ಲ. ಉಳಿದ ನಾಲ್ಕು ಯಾಕೆ ಅಲ್ಲ ಅಂತ ಒಂದೊಂದು ಸಾಲು. ಮೂರು ಸುಲಭ. ನಾಲ್ಕನೆಯದಕ್ಕೆ ಜಗಳ ಆಗುತ್ತಿತ್ತು, ಕೆಲವು ಸಲ ರಾತ್ರಿ ಊಟ ತಣ್ಣಗಾಗುವ ತನಕ.

ಬ್ಯಾಡಗಿ ಕಡ್ಡಿ:

ಟೀಚರ್ ಹೇಳಿದ್ದು ಚೆನ್ನಾಗಿದೆ. ನನ್ನದೊಂದು ಪ್ರಶ್ನೆ, ಮೆಣಸಿನಕಾಯಿಯದು. ಬ್ಯಾಡಗಿಯವನು ಇನ್ನೇನು ಕೇಳಬೇಕು? ರೇಟು ಸುಮ್ನೆ ಲೆಕ್ಕಕ್ಕೆ ಹಿಡಿದದ್ದು, ಮಾರ್ಕೆಟ್ ರೇಟಲ್ಲ. ಫೋನ್ ಮಾಡಿ ಕೇಳಬೇಡಿ.

ಡಬ್ಬಿ ಕಾಯಿ ಕಿಲೋಗೆ 400, ಕಡ್ಡಿ ಕಾಯಿ ಕಿಲೋಗೆ 300. ಎರಡನ್ನೂ ಬೆರೆಸಿದ್ದಾರೆ. ಈ ಮಿಶ್ರಣದಲ್ಲಿ ತೂಕದಲ್ಲಿ ಡಬ್ಬಿ ಅರ್ಧಕ್ಕಿಂತ ಜಾಸ್ತಿ ಇದೆಯೇ?
(1) ಮಿಶ್ರಣದ ಬೆಲೆ ಕಿಲೋಗೆ 345ಕ್ಕಿಂತ ಕಡಿಮೆ ಬಿದ್ದಿದೆ.
(2) ಮಿಶ್ರಣ ಒಟ್ಟು 50 ಕಿಲೋ ಇದೆ.

ನನ್ನ ರೂಮ್‌ಮೇಟ್ ಇದಕ್ಕೆ ಇ ಅಂದ. “345ಕ್ಕಿಂತ ಕಡಿಮೆ ಅಂದರೆ 340 ಇರಬಹುದು, 310 ಇರಬಹುದು, ಸರಿಯಾಗಿ ಎಷ್ಟು ಅಂತ ಗೊತ್ತಿಲ್ಲ” ಅಂತ ಅವನ ವಾದ. ನವನಗರದ ಅಕ್ಕಾ, ನೀವು ಏನಂತೀರಿ? ಪೆನ್ನು ಮುಟ್ಟಬಾರದು.

ನವನಗರದವಳು:

ಮುಟ್ಟಿಲ್ಲ. ಅರ್ಧ ಅರ್ಧ ಬೆರೆಸಿದರೆ 350. ಡಬ್ಬಿ ಜಾಸ್ತಿ ಆದರೆ 350ರ ಮೇಲೆ ಹೋಗುತ್ತದೆ, ಕಡಿಮೆ ಆದರೆ ಕೆಳಗೆ. 345ಕ್ಕಿಂತ ಕಡಿಮೆ ಅಂದಮೇಲೆ ಎಷ್ಟಾದರೂ ಇರಲಿ, 350ರ ಕೆಳಗೇ. ಡಬ್ಬಿ ಅರ್ಧಕ್ಕಿಂತ ಜಾಸ್ತಿ ಇಲ್ಲ. “ಇಲ್ಲ” ಅಂತ ಖಾತ್ರಿಯಾಗಿ ಹೇಳಲು ಬಂದರೆ ಅದೂ ಸಾಕು ಅಂತಲೇ ಲೆಕ್ಕ, ಹೌದಲ್ವಾ? ಎರಡನೆಯದು ಬರೀ ತೂಕ, ಅದರಿಂದ ಏನೂ ತಿಳಿಯುವುದಿಲ್ಲ. ಎ.

ನಾನೂ ಒಂದನ್ನು ಅಲುಗಾಡಿಸಿ ನೋಡಿದೆ. (1)ರಲ್ಲಿ 345ರ ಬದಲು 360 ಹಾಕಿದೆ. ಈಗ ಅದು ಸಾಲದು. 355 ಆಗಿದ್ದರೆ ಹೌದು, 340 ಆಗಿದ್ದರೆ ಇಲ್ಲ.

ಬ್ಯಾಡಗಿ ಕಡ್ಡಿ:

ಸರಿ ಅಕ್ಕಾ. ರೂಮ್‌ಮೇಟಿಗೆ ತೋರಿಸಿದೆ. “ಇಲ್ಲ ಅಂತ ಬಂದರೆ ಇಲ್ಲ ಅಂತಲೇ ಅಲ್ವಾ, ಸಾಕು ಹೇಗಾಗುತ್ತೆ” ಅಂತ ಇನ್ನೂ ಕೂಗಾಡುತ್ತಿದ್ದಾನೆ. ಕ್ಯಾಟ್ ಓದುವವನು. ತಪ್ಪು ಟಿಕ್ ಹಾಕಿದರೆ ಒಂದು ಅಂಕ ಹೋಗುತ್ತದೆ ಅನ್ನುವ ಭಯ ಬೇರೆ.

ಸಪ್ತಾಪುರ ಬಾವಿ:

ಅವನಿಗೆ ಹೇಳು: ಪ್ರಶ್ನೆಗೆ ಒಂದೇ ಉತ್ತರ ಬರಬೇಕು, ಅದು ಹೌದಾದರೂ ಆಗಲಿ, ಇಲ್ಲವಾದರೂ ಆಗಲಿ. ಎರಡೂ ಬರುವಂತಿದ್ದರೆ ಮಾತ್ರ ಸಾಲದು. ಬಹಳ ಹುಡುಗರು ಇಲ್ಲೇ ಎಡವುತ್ತಾರೆ. ಲೆಕ್ಕ ಬರುತ್ತದೆ, ಆದರೆ “ಇಲ್ಲ” ಬಂದ ಕೂಡಲೇ ಕೈ ತಾನೇ “ಸಾಲದು” ಕಡೆಗೆ ಹೋಗುತ್ತದೆ.

ತಂಗಿ, ಸಮಯದ ಬಗ್ಗೆ ಹೇಳುವುದು ಉಳಿದಿತ್ತು. ಡೇಟಾ ಇನ್‌ಸೈಟ್ಸ್‌ನಲ್ಲಿ 20 ಪ್ರಶ್ನೆ, 45 ನಿಮಿಷ. ಒಂದಕ್ಕೆ ಎರಡೂಕಾಲು ನಿಮಿಷ. ಕೋಷ್ಟಕ, ಗ್ರಾಫ್ ಪ್ರಶ್ನೆಗಳು ಅದಕ್ಕಿಂತ ಜಾಸ್ತಿ ತಿನ್ನುತ್ತವೆ. ಹಾಗಾಗಿ ಮೆಣಸಿನಕಾಯಿಯಂಥವನ್ನು ಒಂದು ನಿಮಿಷದಲ್ಲಿ ಮುಗಿಸಿ ಅಲ್ಲಿಗೆ ಸಮಯ ಉಳಿಸಬೇಕು. ಈ ವಿಭಾಗದಲ್ಲಿ ಮಾತ್ರ ಪರದೆಯ ಮೇಲೆ ಕ್ಯಾಲ್ಕುಲೇಟರ್ ಕೊಡುತ್ತಾರೆ. ನಿನಗೆ ಅದೇ ಅಪಾಯ. ಬೆರಳು ಅಲ್ಲಿಗೇ ಹೋಗುತ್ತದೆ, ತಾಳೆ ನೋಡಲು. ಕ್ವಾಂಟ್‌ನಲ್ಲಿ ಕ್ಯಾಲ್ಕುಲೇಟರ್ ಇಲ್ಲ, 21 ಪ್ರಶ್ನೆ, ಅಷ್ಟೇ ಸಮಯ. ವಿಭಾಗದ ಕೊನೆಯಲ್ಲಿ ಸಮಯ ಉಳಿದರೆ ಹಿಂದಕ್ಕೆ ಹೋಗಿ ಮೂರು ಉತ್ತರಗಳ ತನಕ ಬದಲಿಸಬಹುದು. ಅನುಮಾನ ಇದ್ದದ್ದಕ್ಕೆ ಗುರುತು ಹಾಕಿಟ್ಟು ಮುಂದೆ ಹೋಗು. ಪ್ರಶ್ನೆಗಳಿಗೆ ಉತ್ತರ ಕೊಡದೇ ಬಿಟ್ಟು ಬಂದರೆ ಅಂಕ ಕಡಿಯುತ್ತಾರೆ, ಖಾಲಿ ಮಾತ್ರ ಬಿಡಬೇಡ.

ನವನಗರದವಳು:

ಆಗಲಿ ಅಣ್ಣಾ. ಹೊಸ ಪುಸ್ತಕ ಸದ್ಯಕ್ಕೆ ಬೇಡ. ಝೆರಾಕ್ಸ್ ಪ್ರಶ್ನೆಗಳ ಪಕ್ಕದ ಖಾಲಿ ಜಾಗದಲ್ಲಿ ಬದಲಿಸಿದ ಪ್ರಶ್ನೆ ಬರೆಯಲು ಶುರುಮಾಡಿದ್ದೇನೆ. ಮೆಣಸಿನಕಾಯಿಯದೇ ಇನ್ನೊಂದು, ಎಲ್ಲರಿಗೂ. ಪ್ರಶ್ನೆ ಅದೇ, ಡಬ್ಬಿ ಅರ್ಧಕ್ಕಿಂತ ಜಾಸ್ತಿ ಇದೆಯೇ?
(1) ಮಿಶ್ರಣದ ಬೆಲೆ ಕಿಲೋಗೆ 360ಕ್ಕಿಂತ ಕಡಿಮೆ.
(2) 50 ಕಿಲೋ ಮಿಶ್ರಣಕ್ಕೆ ಒಟ್ಟು 17,400 ಬಿದ್ದಿದೆ.

ಬೆಟಗೇರಿ ಮಗ್ಗ:

ಬಿ. 50 ಕಿಲೋಗೆ ಅರ್ಧ ಅರ್ಧ ಆಗಿದ್ದರೆ 17,500. ಅದಕ್ಕಿಂತ ಕಡಿಮೆ ಇದೆ, ಅಂದರೆ ಉತ್ತರ ಖಾತ್ರಿಯಾಗಿ “ಇಲ್ಲ”. ಮೊದಲನೆಯದೊಂದೇ ಸಾಲದು.

ಸಪ್ತಾಪುರ ಬಾವಿ:

17,400 ಬದಲು ಸರಿಯಾಗಿ 17,500 ಇದ್ದರೆ?

ಬೆಟಗೇರಿ ಮಗ್ಗ:

ಅದು ಸಮ ಸಮ ಆಯ್ತು ಸರ್. ಹೌದೂ ಅಲ್ಲ, ಇಲ್ಲವೂ ಅಲ್ಲ. ಇ?

ನವನಗರದವಳು:

ಅಲ್ಲ ತಮ್ಮಾ. ಕೇಳಿದ್ದು ಅರ್ಧಕ್ಕಿಂತ ಜಾಸ್ತಿ ಇದೆಯೇ ಅಂತ. ಸರಿ ಅರ್ಧ ಇದ್ದರೆ ಜಾಸ್ತಿ ಇಲ್ಲ. ಆಗಲೂ ಬಿ.